ಗೋಡೆ ಮೇಲಿನ ನಂಬರು

ಅಪ್ಪಂಗೆ ಪ್ಲೇಟ್‌ಲೆಟ್ 12 ಸಾವಿರಕ್ಕೆ ಇಳಿದಿದೆ ಅಂತ ಡಾಕ್ಟ್ರು ಹೇಳಿದ್ದು ಬೆಳಿಗ್ಗೆ ಎಂಟು ಗಂಟೆಗೆ. 2024ರ ಜುಲೈ ಅದು. ಆ ವರ್ಷ ಕರ್ನಾಟಕದಲ್ಲಿ ಡೆಂಗ್ಯೂ ಹೇಗಿತ್ತು ಅಂತ ಯಾರೂ ಮರೆತಿರಲ್ಲ, ಸೆಪ್ಟೆಂಬರ್ ಹೊತ್ತಿಗೆ ಸರ್ಕಾರವೇ ಅದನ್ನ ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸ್ತು, ನಾವಿದ್ದ ಶಿವಮೊಗ್ಗದ ಆಸ್ಪತ್ರೇಲಿ ಕಾರಿಡಾರಲ್ಲೂ ಮಂಚ ಹಾಕಿದ್ರು. ಅಪ್ಪನ ವಸಡಲ್ಲಿ ರಕ್ತ ಬರೋಕೆ ಶುರುವಾಗಿತ್ತು, ಗ್ರೂಪು ಬಿ ನೆಗೆಟಿವ್. ಒಬ್ಬರೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್ ಸಿಕ್ಕಿದ್ರೆ ಒಳ್ಳೇದು, ನೀವೂ ಸ್ವಲ್ಪ ಹುಡುಕಿ ಅಂದ್ರು. ಅದಕ್ಕೆ ದಾನಿ ಬಂದು ಮೆಷಿನ್ ಪಕ್ಕ ಒಂದು, ಒಂದೂವರೆ ಗಂಟೆ ಮಲಗಬೇಕು, ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತನ ವಾಪಸ್ ಅವರ ಮೈಗೇ ಬಿಡ್ತಾರೆ. ತೆಗೆದದ್ದು ಐದು ದಿನಕ್ಕಿಂತ ಜಾಸ್ತಿ ಉಳಿಯಲ್ಲ, ಹಾಗಾಗಿ ಬ್ಲಡ್ ಬ್ಯಾಂಕಲ್ಲಿ ರೆಡಿ ಇರುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

ನಾನು ಗೊತ್ತಿರೋ ಅಷ್ಟೂ ಗ್ರೂಪಿಗೆ ಮೆಸೇಜ್ ಹಾಕಿದೆ. ಸ್ಕೂಲ್ ಗ್ರೂಪು, ಕಾಲೇಜ್ ಬ್ಯಾಚ್ ಗ್ರೂಪು, ಮನೆ ಹತ್ರದ ದೇವಸ್ಥಾನದ ಗ್ರೂಪು, ಎಲ್ಲಾ ಕಡೆ ಕೊನೇಲಿ ನನ್ನ ನಂಬರು. ಅದು ಅಲ್ಲಿಂದ ಇನ್ನೆಲ್ಲೆಲ್ಲಿಗೋ ಫಾರ್ವರ್ಡ್ ಆಗಿರುತ್ತೆ, ಆಗ್ಲಿ ಅಂತಲೇ ಹಾಕಿದ್ದು. ಅಂದ್ರೆ ಆ ದಿನ ನನಗೆ ಬೇಕಾಗಿದ್ದೇ ಗೊತ್ತಿಲ್ಲದ ನಂಬರಿಂದ ಒಂದು ಫೋನು.

ಫೋನ್ ಬಂತು. "ಮೇಡಂ, ನಿಮಗೆ ಪ್ರೀ ಅಪ್ರೂವ್ಡ್ ಪರ್ಸನಲ್ ಲೋನ್..." ಅಂತ. ಇಟ್ಟೆ. ಇನ್ನೊಂದು ಬಂತು, ದೇವನಹಳ್ಳಿ ಏರ್‌ಪೋರ್ಟ್ ಹತ್ರ ಸೈಟು. ಆಮೇಲೆ ಇನ್ಶೂರೆನ್ಸು. ಮತ್ತೆ ಲೋನು. ಪ್ರತಿ ಸಲ ರಿಂಗ್ ಆದಾಗ್ಲೂ ಎದೆ ಹೊಡ್ಕೊಳ್ಳೋದು, ಯಾರೋ ದಾನಿ ಸಿಕ್ಕಿದ್ರು ಅಂತ ಎದ್ದು ನಿಂತ್ಕೊಳ್ಳೋದು, ಆ ಕಡೆಯಿಂದ ಕಂಠಪಾಠ ಮಾಡಿದ ಹಾಗೆ ಒಂದು ದನಿ ಶುರು ಆಗೋದು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಆಗಿತ್ತು, ನಾನು ಆಮೇಲೆ ಕಾಲ್ ಲಿಸ್ಟ್ ತೆಗೆದು ಎಣಿಸಿದ್ದೀನಿ. ಹದಿನೈದನೇದು ಬಂದಾಗ ಹಿಂದೆ ತುಂಬಾ ಜನ ಮಾತಾಡ್ತಿರೋ ಗಲಾಟೆ ಕೇಳಿಸ್ತು, "ಹಲೋ ಮೇಡಂ, ನಾನು..." ಅಂತ ಒಬ್ಬ ಹುಡುಗ ಅಂದ, ಅಷ್ಟೇ, ನಾನು "ಬೇಡ ಅಂದ್ರೆ ಬೇಡ ರೀ, ಎಷ್ಟು ಸಲ ಹೇಳ್ಬೇಕು, ಮನುಷ್ಯರಾ ನೀವು" ಅಂತ ಕಿರುಚಿ ಕಟ್ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದ್ರು.

ಹತ್ತು ನಿಮಿಷ ಬಿಟ್ಟು ಅದೇ ನಂಬರಿಂದ ಮೆಸೇಜು. "ಮೇಡಂ ನಂದು ಬಿ ನೆಗೆಟಿವ್. ಪ್ಲೇಟ್‌ಲೆಟ್ ಇನ್ನೂ ಬೇಕಾ?"

ಆ ಹುಡುಗ ಭದ್ರಾವತಿಯವನು, ಎಂಜಿನಿಯರಿಂಗ್ ಎರಡನೇ ವರ್ಷ, ಕಾಲೇಜ್ ಕ್ಯಾಂಟೀನಿಂದ ಫೋನ್ ಮಾಡಿದ್ದ. ಬೈಸಿಕೊಂಡ ಮೇಲೂ ಬಸ್ ಹತ್ತಿ ಬಂದ. ಸ್ಕ್ರೀನಿಂಗ್ ಎಲ್ಲಾ ಮುಗಿಸಿ ಅವನು ಮೆಷಿನ್ ಪಕ್ಕ ಮಲಗಿದ್ದಾಗ ನಾನು ಹೋಗಿ ಕ್ಷಮೆ ಕೇಳಿದ್ರೆ, "ಇರ್ಲಿ ಬಿಡಿ ಆಂಟಿ, ನಂಗೂ ದಿನಾ ಬರುತ್ತೆ ಆ ಥರದ್ದು" ಅಂದ. ಅಪ್ಪ ಐದು ದಿನಕ್ಕೆ ಮನೆಗೆ ಬಂದ್ರು, ಈಗ ಆರಾಮಿದ್ದಾರೆ, ಬೆಳಿಗ್ಗೆ ವಾಕಿಂಗೂ ಹೋಗ್ತಾರೆ. ಆದ್ರೆ ಅವತ್ತು ಆ ಹುಡುಗ ಮೆಸೇಜ್ ಮಾಡದೇ ಸುಮ್ನಾಗಿಬಿಟ್ಟಿದ್ರೆ ಅಂತ ನಾನು ಇವತ್ತಿಗೂ ರಾತ್ರಿ ಎಚ್ಚರ ಆದಾಗ ಯೋಚನೆ ಮಾಡ್ತೀನಿ. ಗೊತ್ತಿಲ್ಲದ ನಂಬರ್ ಎತ್ತಬೇಡ, ಅಷ್ಟೇ ತಾನೇ ಅಂತ ಸಲಹೆ ಕೊಡೋರು ತುಂಬಾ ಜನ ಇದ್ದಾರೆ. ಆಸ್ಪತ್ರೆ ಹೊರಗೆ ಕೂತವರು, ಮಕ್ಕಳನ್ನ ಸ್ಕೂಲ್ ವ್ಯಾನಿಗೆ ಹತ್ತಿಸಿ ಕಳಿಸೋರು, ಕೆಲಸಕ್ಕೆ ಅರ್ಜಿ ಹಾಕಿ ಕಾಯ್ತಿರೋರು, ಊರಲ್ಲಿ ವಯಸ್ಸಾದವರನ್ನ ಬಿಟ್ಟು ಬಂದೋರು, ಇವರೆಲ್ಲಾ ಎತ್ತದೇ ಇರೋದು ಹೇಗೆ?

ಆಮೇಲೆ ನಾನು ನಂಬರ್ ಬದಲಾಯಿಸೋದು ಅಂತ ತೀರ್ಮಾನ ಮಾಡಿದೆ.

ಅದು ಸುಲಭದ ತೀರ್ಮಾನ ಅಲ್ಲ, ಯಾಕಂದ್ರೆ ಆ ನಂಬರು 2006ರಿಂದ ನನ್ನ ಜೊತೆ ಇತ್ತು. ಕೆಲಸಕ್ಕೆ ಸೇರಿದ ವರ್ಷ, ಫಾರ್ಮಿಗೆ ಫೋಟೋ ಅಂಟಿಸಿ ತಗೊಂಡ ಬಿಎಸ್ಎನ್ಎಲ್ ಸಿಮ್ಮು, ನಮ್ಮ ಹೊಸನಗರದ ಕಡೆ ಆಗ ಬೇರೆ ಯಾವುದೂ ಹಿಡಿತಾ ಇರ್ಲಿಲ್ಲ. ತೊಂಬತ್ನಾಲ್ಕರಿಂದ ಶುರುವಾಗೋ ನಂಬರ್ ನೋಡಿದ್ರೆ ಓ ಇವರು ಮಲೆನಾಡು ಕಡೆಯವರಿರ್ಬೇಕು ಅಂತ ಜನ ಅಂದಾಜು ಮಾಡ್ತಿದ್ದ ಕಾಲ. ಇನ್‌ಕಮಿಂಗಿಗೆ ದುಡ್ಡು ಕಟ್ಟೋದು 2003ರಲ್ಲೇ ನಿಂತಿತ್ತು, 999 ರೂಪಾಯಿ ಕೊಟ್ರೆ ಜೀವನಪೂರ್ತಿ ಇನ್‌ಕಮಿಂಗ್ ಅಂತ ಕಂಪನಿಗಳು ಜಾಹೀರಾತು ಹಾಕ್ತಿದ್ವು. ಜೀವನಪೂರ್ತಿ ಒಂದೇ ನಂಬರು ಅನ್ನೋದು ಆಗ ಮನಸ್ಸಲ್ಲಿ ಕೂತಿದ್ದು. ಆಮೇಲೆ 2011ರ ಜನವರಿ 20ರಿಂದ ದೇಶಪೂರ್ತಿ ಪೋರ್ಟ್ ಮಾಡ್ಕೊಳ್ಳೋ ಅವಕಾಶ ಬಂತು, ಕಂಪನಿ ಬಿಡಿ ನಂಬರ್ ಇಟ್ಕೊಳ್ಳಿ ಅಂತ. ನಂಬರ್ ಕಳ್ಕೊಳ್ಳೋದು ಜನಕ್ಕೆ ಕಷ್ಟ ಅಂತ ಗೊತ್ತಿದ್ದೇ ತಾನೇ ಅಷ್ಟು ದೊಡ್ಡ ವ್ಯವಸ್ಥೆ ಮಾಡಿದ್ದು. ಹದಿನೆಂಟು ವರ್ಷದಿಂದ ನಾನು ಪಾಠ ಮಾಡಿದ ಹಳೇ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಹಾಲಿನವರು, ಟೈಲರ್, ಸಿಲಿಂಡರ್ ಬುಕಿಂಗ್, ಎಲ್ಲರ ಹತ್ರ ಇದ್ದದ್ದು ಅದೇ ಹತ್ತು ಅಂಕಿ.

ಕಾಟ ಶುರುವಾಗಿದ್ದು ಯಾವಾಗ ಅಂತ ನನಗೆ ಚೆನ್ನಾಗಿ ಗೊತ್ತು. 2022ರಲ್ಲಿ ತಮ್ಮ ಬೆಂಗಳೂರಲ್ಲಿ ಸೈಟ್ ನೋಡ್ತಾ ಇದ್ದ, ರೇಟ್ ಎಷ್ಟಿದೆ ನೋಡೋಣ ಅಂತ ನಾನೊಂದು ವೆಬ್‌ಸೈಟಿಗೆ ಹೋದೆ, ಬೆಲೆ ಕಾಣಬೇಕಂದ್ರೆ ಹೆಸರು ನಂಬರ್ ಹಾಕಿ ಅಂತು, ಹಾಕಿದೆ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಚೌಕ, ಅದರೊಳಗೆ ಟಿಕ್ ಮೊದಲೇ ಬಿದ್ದಿತ್ತು. ಆ ಟಿಕ್ ಏನು ಅಂತ ಆಮೇಲೆ ಓದಿ ತಿಳ್ಕೊಂಡೆ. ನಮ್ಮಲ್ಲಿ ಜಾಹೀರಾತು ಕಾಲ್ ಬೇಡ ಅಂತ ನೋಂದಾಯಿಸೋ ವ್ಯವಸ್ಥೆ 2007ರಿಂದಲೂ ಇದೆ, ಈಗ ಅದನ್ನ ಡಿಎನ್‌ಡಿ ಅಂತಾರೆ, ಈಗಲೂ 1909ಕ್ಕೆ "ಸ್ಟಾರ್ಟ್ 0" ಅಂತ ಇಂಗ್ಲಿಷಲ್ಲಿ ಮೆಸೇಜ್ ಕಳಿಸಿದ್ರೆ ಎಲ್ಲಾ ಥರದ ಜಾಹೀರಾತೂ ಬಂದ್ ಆಗ್ಬೇಕು. ನಾನು ಅದನ್ನ ಎಷ್ಟೋ ಹಿಂದೆನೇ ಮಾಡಿದ್ದೆ. ಆದ್ರೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತಾದ್ರೆ ಆ ಕಂಪನಿ ಮಟ್ಟಿಗೆ ಡಿಎನ್‌ಡಿ ಲೆಕ್ಕಕ್ಕೆ ಬರಲ್ಲ, ಒಂದು ಟಿಕ್ ಸಾಕು. ಇನ್ನೊಂದು, ರಿಜಿಸ್ಟರ್ ಆದ ಟೆಲಿಮಾರ್ಕೆಟಿಂಗ್‌ನವರು 140ರಿಂದ ಶುರುವಾಗೋ ನಂಬರಲ್ಲಿ ಫೋನ್ ಮಾಡ್ಬೇಕು, ಅದನ್ನಾದ್ರೆ ನೋಡಿದ ತಕ್ಷಣ ಗುರುತು ಹಿಡೀಬಹುದು, ತಡೀಬಹುದು. ನನಗೆ ಬರ್ತಿದ್ದಿದ್ದು ಹೆಚ್ಚಿನವು ನಿಮ್ಮ ನನ್ನ ನಂಬರ್ ಥರದ ಸಾದಾ ಹತ್ತಂಕಿ ನಂಬರಿಂದ. ಆ ಭದ್ರಾವತಿ ಹುಡುಗನ ನಂಬರೂ, ಲೋನ್ ಮಾರೋರ ನಂಬರೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣ್ತಿತ್ತು, ನನ್ನ ಸಂಕಟ ಅರ್ಥ ಆಗ್ಲಿ ಅಂತ ಇದನ್ನ ಇಷ್ಟು ಬಿಡಿಸಿ ಹೇಳ್ತಿದ್ದೀನಿ.

ದೂರು ಕೊಟ್ಟಿಲ್ವಾ ಅಂದ್ರೆ ಕೊಟ್ಟಿದ್ದೀನಿ. ಕಾಲ್ ಬಂದ ಮೂರು ದಿನದೊಳಗೆ ಕೊಡ್ಬೇಕಿತ್ತು ಆಗ, 2025ರ ಫೆಬ್ರವರಿಯಲ್ಲಿ ಅದನ್ನ ಏಳು ದಿನ ಮಾಡಿದ್ರು. ಯಾವ ನಂಬರು, ಯಾವ ದಿನ, ಎಷ್ಟೊತ್ತಿಗೆ, ಏನಂದ್ರು, ಎಲ್ಲಾ ಬರೀಬೇಕು. ಸಾಯಂಕಾಲ ನೋಟ್ಸ್ ತಿದ್ದೋದು ಬಿಟ್ಟು ಇದನ್ನ ಬರ್ಕೊಂಡು ಕೂತಿರ್ತಿದ್ದೆ. ಒಂದು ನಂಬರ್ ಬಂದ್ ಆದ್ರೆ ನಾಳೆ ಇನ್ನೊಂದರಿಂದ ಅದೇ ಹುಡುಗಿ, ಅದೇ ಮಾತು. ಕೆಲಸ ನಡೀತಿಲ್ಲ ಅಂತ ನಾನು ಹೇಳಲ್ಲ, 2024ರ ಆಗಸ್ಟಲ್ಲೇ ಫೋನ್ ಕಂಪನಿಗಳನ್ನ ನಿಯಂತ್ರಿಸೋ ಟ್ರಾಯ್ ಗಟ್ಟಿಯಾಗಿ ಆದೇಶ ಮಾಡ್ತು, ರಿಜಿಸ್ಟರ್ ಆಗದೇ ಹೀಗೆ ಕಾಲ್ ಮಾಡೋರ ಎಲ್ಲಾ ಲೈನ್ ಕಿತ್ತು ಎರಡು ವರ್ಷ ಕಪ್ಪುಪಟ್ಟಿಗೆ ಹಾಕಿ ಅಂತ, ಸೆಪ್ಟೆಂಬರ್ ಶುರುವಲ್ಲಿ 2.75 ಲಕ್ಷಕ್ಕೂ ಜಾಸ್ತಿ ಸಂಪರ್ಕ ಕತ್ತರಿಸಿದ್ದಾಗಿ ಹೇಳ್ತು. ಒಳ್ಳೇದೇ ಆಯ್ತು. ಅಷ್ಟೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು, ಅದಕ್ಕಿಂತ ಹೆಚ್ಚಾಗಿ ನನಗೆ ನನ್ನ ದನಿ ಬಗ್ಗೆನೇ ಭಯ ಆಗಿತ್ತು. ಯಾರೇ ಫೋನ್ ಮಾಡಿದ್ರೂ ನನ್ನ ಹಲೋ ಗದರಿಸಿದ ಹಾಗೆ ಬರ್ತಿತ್ತು. ಮನೆ ಬಾಗಿಲಿಗೆ ಯಾರು ಬಂದ್ರೂ ಮೊದಲು ಆಸರಿಗೆ ಬೇಕಾ, ಅಂದ್ರೆ ಕುಡಿಯೋಕೆ ಏನಾದ್ರೂ ಬೇಕಾ ಅಂತ ಕೇಳೋ ಊರಲ್ಲಿ ಬೆಳೆದವಳು ನಾನು.

ಹೊಸ ಸಿಮ್ ತಗೊಳ್ಳೋಕೆ ಹದಿನೈದು ನಿಮಿಷ. ಹಳೇದರಿಂದ ಬಿಡಿಸ್ಕೊಳ್ಳೋಕೆ ಎರಡೂವರೆ ತಿಂಗಳು. ಆಧಾರಿಗೆ ನಂಬರ್ ಬದಲಾಯಿಸೋದು ಆಗ ಆನ್‌ಲೈನಲ್ಲಿ ಆಗ್ತಿರ್ಲಿಲ್ಲ, ಸೆಂಟರಿಗೆ ಹೋಗಿ ಬೆರಳಚ್ಚು ಕೊಡ್ಬೇಕಿತ್ತು, 50 ರೂಪಾಯಿ ಇತ್ತು. ಶನಿವಾರ ಅರ್ಧ ದಿನದ ಸ್ಕೂಲ್ ಮುಗಿಸಿ ಹೋದ್ರೆ ಟೋಕನ್ ಮುಗಿದಿರೋದು, ಮೂರನೇ ಶನಿವಾರ ಆಯ್ತು. ಬ್ಯಾಂಕಿಗೆ ಫಾರ್ಮು. ಪಿಎಫ್ ಖಾತೆ, ಗ್ಯಾಸು, ಎಲ್‌ಐಸಿ, ಅಪ್ಪನ ಪೆನ್ಷನ್ ಖಾತೆಗೆ ಕೊಟ್ಟಿದ್ದ ನಂಬರು, ಮಗಳ ಸ್ಕಾಲರ್‌ಶಿಪ್ಪು. ಆನ್‌ಲೈನಲ್ಲಿ ಬದಲಾಯಿಸ್ತೀನಿ ಅಂದ್ರೆ ಓಟಿಪಿ ಬರೋದು ಹಳೇ ನಂಬರಿಗೆ, ಹಾಗಾಗಿ ಯಾವುದರಿಂದ ಓಡಿ ಹೋಗ್ಬೇಕೋ ಅದಕ್ಕೇ ರೀಚಾರ್ಜ್ ಮಾಡಿಸ್ಕೊಂಡು ಇಟ್ಕೋಬೇಕು. ಎರಡು ಸಿಮ್ಮೂ ಒಂದೇ ಫೋನಲ್ಲಿ, ಹಳೇದಕ್ಕೆ ಸೈಟಿನವರು ಮಾಡ್ತಾನೇ ಇದ್ರು. ಬಿಟ್ಟ ನಂಬರನ್ನ ಕನಿಷ್ಠ 90 ದಿನ ಬೇರೆ ಯಾರಿಗೂ ಕೊಡಲ್ಲ, ಆಮೇಲೆ ಕೊಡಬಹುದು ಅಂತ ಗೊತ್ತಾದಾಗ ಇನ್ನಷ್ಟು ಗಾಬರಿ ಆಗಿ ಎಲ್ಲೆಲ್ಲಿ ನಂಬರ್ ಕೊಟ್ಟಿದ್ದೀನಿ ಅಂತ ಮಗಳ ಹಳೇ ನೋಟ್‌ಬುಕ್ಕಿನ ಹಿಂದೆ ಪಟ್ಟಿ ಬರೆದೆ, ಮೂವತ್ತೊಂದು ಜಾಗ ಆಯ್ತು. ನಿಮ್ಮಲ್ಲಿ ಯಾರಾದ್ರೂ ನಂಬರ್ ಬಿಡೋ ಯೋಚನೆಲಿದ್ರೆ ಆ ಪಟ್ಟಿ ಮೊದಲು ಬರೀರಿ, ಆಧಾರ್ ಮತ್ತು ಬ್ಯಾಂಕು ಮುಗಿಯೋ ತನಕ ಹಳೇ ಸಿಮ್ ಬಿಸಾಕಬೇಡಿ.

ಇನ್ನು ಹೊಸ ನಂಬರ್ ಕಥೆ. ಎರಡನೇ ವಾರದಲ್ಲಿ ಬೆಳಿಗ್ಗೆ 6.40ಕ್ಕೆ ಒಬ್ಬ ಫೋನ್ ಮಾಡಿ ಯಾವುದೋ ಹೆಸರು ಹೇಳಿ "ಎಲ್ಲಿದಾನೆ ಅವನು, ಕಂತು ಯಾವಾಗ ಕಟ್ತಾನೆ" ಅಂತ ಶುರು ಮಾಡಿದ. ಈ ನಂಬರು ಮೊದಲು ಬೇರೆ ಯಾರದ್ದೋ ಆಗಿತ್ತು, ಅವನು ಯಾವುದೋ ಲೋನ್ ಆ್ಯಪಲ್ಲಿ ಸಾಲ ತಗೊಂಡಿದ್ದ. ನಂಬರ್ ಈಗ ನಂದು ಅಂದ್ರೆ ನಂಬಲಿಲ್ಲ, ನೀವು ಅವನಿಗೇನಾಗ್ಬೇಕು ಅಂತ ಕೇಳಿದ. ಸಾಲ ವಸೂಲಿಗೆ ಬೆಳಿಗ್ಗೆ ಎಂಟರ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡ್ಬಾರ್ದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ, ತಮ್ಮ ಅದನ್ನ ಹೇಳಿಕೊಟ್ಟ ಮೇಲೆ ನಾನೂ ಅದನ್ನೇ ಹೇಳೋಕೆ ಶುರು ಮಾಡಿದೆ, ಅವರು ನಿಧಾನಕ್ಕೆ ಕಡಿಮೆ ಆದ್ರು.

ಆ ಸಾಲ ತಗೊಂಡಿದ್ದ ಹುಡುಗನ ಹೆಸರು ಕೇಳಿಕೊಂಡು ಇನ್ನೊಂದು ಫೋನ್ ಬರ್ತಿತ್ತು. ವಾರಕ್ಕೊಂದು ಸಲ, ಭಾನುವಾರ ಸಂಜೆ. ಮೊದಲ ಸಲ ನಾನು ಹಲೋ ಅಂದ ಕೂಡ್ಲೇ ಆ ಕಡೆ ವಯಸ್ಸಾದ ಹೆಂಗಸಿನ ದನಿ, "ಯಾರವ್ವಾ ನೀ? ನಮ್ಮ ತಮ್ಮನ ಫೋನ್ ನಿನ್ನ ಕಡೆ ಹ್ಯಾಂಗ ಬಂತು?" ಸಿಂದಗಿ ಕಡೆಯವರು. ತಮ್ಮ ಅಂದಿದ್ದು ಮೊಮ್ಮಗನಿಗೆ, ಬೆಂಗಳೂರಿಗೆ ದುಡಿಯೋಕೆ ಹೋದವನು, ನಾಕು ತಿಂಗಳಾತು ಮಾತಾಡಿಲ್ಲ ಅಂದ್ರು. ನಂಬರ್ ಬದಲಾಗಿದೆ ಅಜ್ಜಿ ಅಂತ ಹೇಳಿದ್ರೆ "ಹೌದೇನ" ಅಂದ್ರು, ಮುಂದಿನ ಭಾನುವಾರ ಮತ್ತೆ ಮಾಡಿದ್ರು. ಅವರ ಫೋನಲ್ಲಿ ಯಾರೋ ಎರಡನೇ ಬಟನ್ನಿಗೆ ಆ ನಂಬರ್ ಸೇವ್ ಮಾಡಿಕೊಟ್ಟಿದ್ರಂತೆ, ಒತ್ತಿ ಹಿಡಿದ್ರೆ ಮೊಮ್ಮಗ ಮಾತಾಡ್ತಾನೆ ಅಂತ ಅವರಿಗೆ ಗೊತ್ತು, ಅಷ್ಟೇ ಗೊತ್ತು.

ಆ ಹುಡುಗ ಯಾಕೆ ನಂಬರ್ ಬಿಟ್ಟ ಅಂತ ನಾನು ಊಹೆ ಮಾಡಬಲ್ಲೆ. ಬೆಳಿಗ್ಗೆ ಆರೂವರೆಗೆ ಬರೋ ಆ ದನಿಗೆ ಹೆದರಿ ಬಿಟ್ಟಿರ್ತಾನೆ. ಅವನು ಮಾಡಿದ್ದೂ ನಾನು ಮಾಡಿದ್ದೂ ಒಂದೇ ಕೆಲಸ. ಕಾಟ ಕೊಡೋರಿಂದ ತಪ್ಪಿಸ್ಕೊಳ್ಳೋಕೆ ಹೋದ್ವಿ, ಕಾಟ ಕೊಡೋರಿಗೆ ಏನೂ ನಷ್ಟ ಆಗ್ಲಿಲ್ಲ, ಅವರ ಹತ್ರ ಇನ್ನೂ ಲಕ್ಷಾಂತರ ನಂಬರ್ ಇದೆ. ಎರಡನೇ ಬಟನ್ ಒತ್ತಿ ಹಿಡಿಯೋರ ಹತ್ರ ಇರೋದು ಒಂದೇ. ನನಗೆ ಇದು ತುಂಬಾ ಅನ್ಯಾಯ ಅನಿಸುತ್ತೆ. ನಂಬರ್ ಬದಲಾಯಿಸಿ ಅಂತ ಸಲಹೆ ಕೊಡೋದು, ಬೀದೀಲಿ ಚುಡಾಯಿಸ್ತಾರೆ ಅಂದ್ರೆ ನೀನು ಆ ಬೀದೀಲಿ ಹೋಗ್ಬೇಡ ಅಂದ ಹಾಗೆ.

ನನಗೆ ಇದು ಪೂರ್ತಿ ಅರ್ಥ ಆಗಿದ್ದು ದೊಡ್ಡಮ್ಮನ ವಿಷಯದಲ್ಲಿ.

ದೊಡ್ಡಮ್ಮ, ಅಂದ್ರೆ ಅಮ್ಮನ ಅಕ್ಕ, ಹೊಸನಗರದ ಹತ್ರ ತೋಟದ ಮನೇಲಿರ್ತಾರೆ, 78 ವರ್ಷ. ಜಗಲಿ ಗೋಡೆ ಮೇಲೆ ಹಿಂದೆ ಲ್ಯಾಂಡ್‌ಲೈನ್ ಇದ್ದ ಜಾಗದ ಪಕ್ಕ ಪೆನ್ಸಿಲಲ್ಲಿ ನಂಬರ್‌ಗಳು ಬರೆದಿವೆ. ಲೈನ್‌ಮನ್, ದನದ ಡಾಕ್ಟ್ರು, ಅಡಿಕೆ ಮಂಡಿ, ಭಟ್ರು, ಮಗ, ಆಮೇಲೆ ನಾನು. ನನ್ನ ಹೆಸರಿಲ್ಲ, "ಕೂಸು" ಅಂತಿದೆ. ವರ್ಷಾ ದೀಪಾವಳಿ ಮುಂಚೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಮಾತ್ರ ಬಿಡಿಸಿ ಬಳಿಸ್ತಾರೆ, ಹಾಗಾಗಿ ಬೆಳ್ಳಗಿನ ಗೋಡೇಲಿ ಒಂದು ಮೊಳ ಅಗಲದ ಹಳದಿ ಚೌಕ ಉಳ್ಕೊಂಡಿದೆ. ಕನ್ನಡಕ ಹಾಕ್ಕೊಂಡು, ಗೋಡೆ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಲಿ ಕೀಪ್ಯಾಡ್ ಫೋನ್ ಹಿಡಿದು ಒಂದೊಂದೇ ಅಂಕಿ ಒತ್ತೋದು ಅವರ ಕ್ರಮ.

ನಾನು ನಂಬರ್ ಬದಲಾಯಿಸಿದಾಗ ನಾಲ್ಕು ನೂರು ಚಿಲ್ಲರೆ ಜನಕ್ಕೆ ಮೆಸೇಜ್ ಕಳಿಸಿದ್ದೆ, ವಾಟ್ಸಾಪಲ್ಲಿ ಎಲ್ಲಾ ಗ್ರೂಪಿಗೂ ಗೊತ್ತಾಗಿತ್ತು. ದೊಡ್ಡಮ್ಮನ ಮಗಂಗೂ ಕಳಿಸಿದ್ದೆ, ಅವನು ಬೆಂಗಳೂರಲ್ಲಿ ತನ್ನ ಫೋನಲ್ಲಿ ಸೇವ್ ಮಾಡ್ಕೊಂಡ. ಗೋಡೆಗೆ ಮೆಸೇಜ್ ಹೋಗಲ್ಲ ಅಂತ ನಮ್ಮಿಬ್ಬರಿಗೂ ಹೊಳೀಲಿಲ್ಲ. ಅಪ್ಪನ ಓಡಾಟ, ಪರೀಕ್ಷೆ, ಆಧಾರ್ ಸೆಂಟರ್ ಅಂತ ನಾನೂ ಅವರಿಗೆ ಫೋನ್ ಮಾಡಿರ್ಲಿಲ್ಲ, ಹಳೇ ಸಿಮ್ ನವೆಂಬರ್ ಕೊನೇಲಿ ಬಂದ್ ಆಗಿತ್ತು. ಜನವರಿ ಸಂಕ್ರಾಂತಿ ದಿನ ನಾನೇ ಫೋನ್ ಮಾಡಿದೆ. ಗೊತ್ತಿಲ್ಲದ ನಂಬರು ಅಂತ ಅವರು ಎತ್ತಲಿಲ್ಲ, ಮೂರನೇ ಸಲ ಎತ್ತಿದ್ರು. ನಾನು ಅಂತ ಗೊತ್ತಾದ ಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅಸ್ತಿತ್ವದಲ್ಲಿಲ್ಲ, ಅಸ್ತಿತ್ವದಲ್ಲಿಲ್ಲ ಅಂತ ಆ ಹೆಂಗಸು ಹೇಳ್ತಿತ್ತೇ ಕೂಸೇ. ನನ್ನ ಮೇಲೆ ಎಂತಕ್ಕೋ ಸಿಟ್ಟಾಗಿದೆ ಅಂದ್ಕೊಂಡೆ. ತುಳಸಿ ಪೂಜೆಗೆ ಕರೀಲಿಲ್ಲ ಅಂತ ಇರ್ಬೇಕಾ ಅಂತ ನಾನು ಲೆಕ್ಕ ಹಾಕ್ತಾ ಇದ್ದೆ" ಅಂದ್ರು.

ಏಳು ವಾರ. ಏಳು ವಾರ ಆ ಮುದುಕಿ ಗೋಡೆ ಹತ್ರ ನಿಂತು ಹತ್ತು ಅಂಕಿ ಒತ್ತಿ, ತಪ್ಪು ಒತ್ತಿರ್ಬೇಕು ಅಂತ ಮತ್ತೆ ಒತ್ತಿ, ಆಮೇಲೆ ತಾನೇನು ತಪ್ಪು ಮಾಡಿದೆ ಅಂತ ಯೋಚಿಸಿದ್ದಾರೆ. ನನಗೆ ಪರ್ಸನಲ್ ಲೋನ್ ಮಾರೋಕೆ ಬಂದ ಯಾರಿಗೂ ಇದರ ಲೆಕ್ಕ ಗೊತ್ತಿರಲ್ಲ, ನಾನು ಎಷ್ಟು ದೂರು ಬರೆದ್ರೂ ಆ ಫಾರ್ಮಲ್ಲಿ ಇದನ್ನ ಬರೆಯೋಕೆ ಜಾಗ ಇಲ್ಲ.

ಈಗ ಹೊಸ ನಂಬರಿಗೂ ಕಾಲ್‌ಗಳು ಶುರುವಾಗಿವೆ, ವಾರಕ್ಕೆ ಮೂರೋ ನಾಲ್ಕೋ. ಯಾವುದೋ ಅಂಗಡಿ ಬಿಲ್ಲಿಗೆ ಕೊಟ್ಟಿದ್ದಿರ್ಬೇಕು. ಮೊದಲಿನಷ್ಟಿಲ್ಲ, ಮೆಸೇಜ್ ಕಳಿಸಿದವರ ಹೆಸರಿನ ಕೊನೇಲಿ ಪಿ ಅಂತಿದ್ರೆ ಜಾಹೀರಾತು ಅಂತ ನೋಡಿದ ಕೂಡ್ಲೇ ಗೊತ್ತಾಗೋ ಹಾಗೆ 2025ರಲ್ಲಿ ಮಾಡಿದ್ದಾರೆ, ಬ್ಯಾಂಕಿನವರು ಖಾತೆ, ವ್ಯವಹಾರದ ವಿಷಯಕ್ಕೆ 1600ರಿಂದ ಶುರುವಾಗೋ ನಂಬರಿಂದಲೇ ಫೋನ್ ಮಾಡ್ಬೇಕು ಅಂತಲೂ ಆಗಿದೆ, ಇದರಿಂದ ನಿಜವಾಗ್ಲೂ ಅನುಕೂಲ ಇದೆ. ನಾನು ಅಂಗಡಿಗಳಲ್ಲಿ ನಂಬರ್ ಕೊಡೋದು ನಿಲ್ಲಿಸಿದ್ದೀನಿ, ಕೊಡಲೇಬೇಕು ಅಂದ್ರೆ ಬಿಲ್ಲೇ ಬೇಡ ಅಂತ ಬರ್ತೀನಿ. ಬರೋ ಕಾಲ್ ಮಾತ್ರ ಎತ್ತುತ್ತೀನಿ, ಎಲ್ಲಾ ಎತ್ತುತ್ತೀನಿ, ಎತ್ತಿ ಮೊದಲು "ಯಾರು ಬೇಕಿತ್ತು?" ಅಂತ ಕೇಳ್ತೀನಿ, ಆ ಕಡೆಯವರು ಒಂದು ವಾಕ್ಯ ಮುಗಿಸೋ ತನಕ ಇಡಲ್ಲ. ಸಿಂದಗಿ ಅಜ್ಜಿ ಫೆಬ್ರವರಿಯಲ್ಲಿ ಒಂದು ಭಾನುವಾರ ಮಾಡಿ ಮೊಮ್ಮಗ ಜಾತ್ರೆಗೆ ಊರಿಗೆ ಬಂದಾನ, ಹೊಸಾ ನಂಬರ್ ಹಾಕಿ ಕೊಟ್ಟಾನ ಅಂದ್ರು, ಇದನ್ನ ನಿನಗ ಹೇಳ್ಬೇಕಿತ್ತವ್ವ ಅಂತಲೇ ಮಾಡಿದ್ದಂತೆ. ಆಮೇಲೆ ಅವರ ಫೋನ್ ಬಂದಿಲ್ಲ.

ಬೇಸಿಗೆ ರಜೇಲಿ ಹೊಸನಗರಕ್ಕೆ ಹೋದಾಗ ಮಗಳ ಪೆನ್ಸಿಲ್ ತಗೊಂಡು ಹೋಗಿದ್ದೆ. "ಕೂಸು" ಅನ್ನೋದರ ಕೆಳಗೆ ಹೊಸ ನಂಬರ್ ಬರೆದೆ, ಅಂಕಿ ದೊಡ್ಡದಾಗಿ, ನಡುವೆ ಜಾಗ ಬಿಟ್ಟು. ಹಳೇದನ್ನ ಗೀಟು ಹಾಕೋಕೆ ಹೋದ್ರೆ ದೊಡ್ಡಮ್ಮ ಕೈ ಹಿಡಿದ್ರು, "ಅದು ಇರ್ಲಿ ಬಿಡೇ, ಅದು ನಂಗೆ ಬಾಯಿಪಾಠ" ಅಂತ. ಆಮೇಲೆ ಕನ್ನಡಕ ಹುಡುಕಿ ಹಾಕ್ಕೊಂಡು, ಹೊಸ ನಂಬರ್ ಮೇಲೆ ಬೆರಳಿಟ್ಟು ಒಂದೊಂದಾಗಿ ಒತ್ತೋಕೆ ಶುರು ಮಾಡಿದ್ರು. ನನ್ನ ಫೋನು ಒಳಗೆ ಬ್ಯಾಗಲ್ಲಿತ್ತು, ರಿಂಗ್ ಆಯ್ತು, ಓಡಿ ಹೋಗಿ ಎತ್ತಿದೆ.

"ಹಲೋ" ಅಂದೆ.

"ಯಾರು, ಕೂಸಾ? ನಾನೇ, ದೊಡ್ಡಮ್ಮ. ಊಟ ಆಯ್ತನೇ?" ಅಂದ್ರು ಜಗಲಿಯಿಂದ.